ಕೆದರದ ಹಾಸಿಗೆ

ಮಳೆಗಾಲದಲ್ಲಿ ಕಡಲ ದಂಡೆಯ ಹೋಟೆಲುಗಳು ಅರ್ಧ ಬೆಲೆಗೆ ಸಿಗುತ್ತವೆಂದು ಗಂಡ ನನ್ನನ್ನು ಎಳೆದುಕೊಂಡು ಬಂದಿದ್ದ. ನಮ್ಮೂರಿನ ಹೋಟೆಲಿನಲ್ಲಿ ಹಾಸಿಗೆ ಸರಿಮಾಡಿಯೇ ಹೊಟ್ಟೆ ಹೊರೆದವಳ ಕೈ ಸುಮ್ಮನಿರುತ್ತದೆಯೇ? ದಿನಾ ಬೆಳಗ್ಗೆ ಎದ್ದವಳೇ ಹೊದಿಕೆ ಮಡಿಸಿ, ನೆಲ ಒರೆಸಿ, ಬಚ್ಚಲು ತಿಕ್ಕಿ, ಸುಸ್ತಾಗಿ ಕೂರುತ್ತಿದ್ದೆ.

"ರಜಕ್ಕೆ ಬಂದೋಳಾ ನೀನು, ಕೂಲಿಗೆ ಬಂದೋಳಾ?" ಗಂಡ ಗೊಣಗಿದ.

"ನೀವು ಸಮುದ್ರ ನೋಡ್ಕೊಂಡು ಬಿದ್ದಿರಿ!" ಎಂದು ರೇಗಿದೆ.

ಅಷ್ಟರಲ್ಲಿ ಕೋಣೆ ಗುಡಿಸುವಾಕೆ ಬಂದು ಬಾಗಿಲಲ್ಲೇ ನಿಂತಳು.

"ಅಕ್ಕಾ, ನಿಮ್ಮ ದಮ್ಮಯ್ಯ, ಸ್ವಲ್ಪ ಗಲೀಜು ಮಾಡಿ. ಈಗ ಜನ ಬರೋದೇ ಕಮ್ಮಿ. ಕೆಲಸ ಇಲ್ಲ ಅಂತ ನನ್ನನ್ನೂ ಮನೆಗೆ ಕಳಿಸಿಬಿಡ್ತಾರೆ."

ಮರುದಿನ ಬೆಳಗ್ಗೆ ಹೊದಿಕೆಯನ್ನು ನೆಲಕ್ಕೆಳೆದು ಹಾಕಿ, ಕಡಲ ಮುಂದೆ ಹೋಗಿ ಕೈಕಟ್ಟಿ ಕೂತೆ. ಸುಮ್ಮನೆ ಕೂರುವುದಕ್ಕೂ ಇಷ್ಟೊಂದು ಮೈಕೈ ನೋಯುತ್ತದೆಂದು ಯಾರಿಗೆ ಗೊತ್ತಿತ್ತು!