ಕರುವಿನ ಹಗ್ಗ

"ಮೊಣಕೈ ಅದ್ದಿ ನೋಡು ಪುಟ್ಟಿ, ನೀರು ಹಿತವಾಗಿದ್ಯಾ?" ನರ್ಸ್ ಹೇಮಾಶ್ರೀ ಕೇಳಿದಳು.

ನಡುಮನೆಯಲ್ಲಿ ಹೆರಿಗೆಗೆಂದು ಗಾಳಿ ತುಂಬಿಸಿಟ್ಟ ನೀಲಿ ರಬ್ಬರ್ ತೊಟ್ಟಿಗೆ ಬಾಗಿ ಅಕ್ಷತಾ ತಲೆಯಾಡಿಸಿದಳು. ನೀರಿನಲ್ಲಿ ಅವಳ ಅಮ್ಮ ದ್ರಾಕ್ಷಾಯಣಿ ಕಣ್ಣು ಮುಚ್ಚಿ ಕೂತಿದ್ದಳು. ಹಂಡೆಯಿಂದ ಬಿಸಿನೀರು ತಂದು ಅಮ್ಮನ ಬೆನ್ನಿಗೆ ಹುಯ್ಯುವುದು ಎಂಟು ವರ್ಷದ ಅಕ್ಷತಾಳ ಕೆಲಸ. ನಾಲ್ಕರ ತಮ್ಮ ಚನ್ನೇಶನಿಗೆ ಸುಮ್ಮನೆ ಕೂರುವ ಕೆಲಸ. "ಪಾಪು ನೀರಿಂದ ಮೇಲೆ ಬಂದಾಗ ಮೊದ್ಲು ಮುಟ್ಟೋಳು ನೀನೇ" ಎಂದು ಅಮ್ಮ ಎರಡು ತಿಂಗಳಿಂದ ಹೇಳುತ್ತ ಬಂದಿದ್ದಳು.

"ಎಮ್ಮೆ ಹಂಗೆ ನೀರಲ್ಲಿ ಕೂತ್ಕಂಡು ಹೆರ್ತಾಳಂತೆ!" ಅಜ್ಜಿ ರುದ್ರಮ್ಮ ಬಾಗಿಲಲ್ಲಿ ಗೊಣಗಿದರು. ಗೊಣಗುತ್ತಲೇ ಸೊಸೆಯ ಹಣೆಗೆ ವಿಭೂತಿ ಹಚ್ಚಿದರು. ನೋವು ಹೆಚ್ಚಿದಾಗ ಮೊಮ್ಮಗಳನ್ನು ಬದಿಗೆ ಕರೆದರು.

"ಮನೇಲಿ ಗಂಟಿರಬಾರ್ದು ಕಣೇ. ಗಂಟಿದ್ರೆ ಮಗೀಗೆ ದಾರಿ ಬಿಗಿಯಾಯ್ತದೆ. ಎಲ್ಲಾ ಬಿಚ್ಚಾಕಿ ಬಾ, ಓಡು."

ರಾಗಿ ಚೀಲದ ಬಾಯಿ, ಬಟ್ಟೆ ಒಣಹಾಕುವ ಹಗ್ಗ, ಅಪ್ಪನ ಬುತ್ತಿ ಬಟ್ಟೆ, ತನ್ನೆರಡು ಜಡೆಯ ಟೇಪು, ಒಂದೊಂದನ್ನೇ ಬಿಚ್ಚಿದಳು. ಒಳಗೆ ಅಮ್ಮ ಇನ್ನೂ ನರಳುತ್ತಿದ್ದಳು. ಎಲ್ಲೋ ಒಂದು ಗಂಟು ಉಳಿದಿದೆ. ಅಕ್ಷತಾ ಕೊಟ್ಟಿಗೆಗೆ ಹೋಗಿ ಕರುವಿನ ಹಗ್ಗವನ್ನೂ ಬಿಚ್ಚಿದಳು.

ಕರು ತೆಂಗಿನ ತೋಟ ದಾಟಿ ಹಾರನಹಳ್ಳಿ ರಸ್ತೆಯತ್ತ ಓಡಿತು. ಅಪ್ಪನನ್ನು ಕೂಗಬಹುದಿತ್ತು, ಅಮ್ಮನ ಕೈ ಹಿಡಿದು ಕೂತವನನ್ನು ಕೂಗಲು ಮನಸ್ಸಾಗಲಿಲ್ಲ. ಒಬ್ಬಳೇ ಬೆನ್ನಟ್ಟಿದಳು. ಕರು ಸಿಕ್ಕಿದ್ದು ಕೆರೆಯ ಏರಿಯ ಮೇಲೆ.

ಎಳೆದು ತಂದರೂ ಗೂಟಕ್ಕೆ ಕಟ್ಟಲು ಧೈರ್ಯವಾಗಲಿಲ್ಲ. ಪಾಪು ಇನ್ನೂ ಬಂದಿರದಿದ್ದರೆ? ಒಳಗಿನಿಂದ ಸದ್ದೇ ಇರಲಿಲ್ಲ. ಕೂದಲು ಕೆದರಿಕೊಂಡು, ಹಗ್ಗ ಕೈಗೆ ಸುತ್ತಿಕೊಂಡು ಕೊಟ್ಟಿಗೆಯಲ್ಲೇ ನಿಂತಳು. ಎಷ್ಟು ಹೊತ್ತೋ.

ಚನ್ನೇಶ ಓಡಿಬಂದ. "ಅಕ್ಕಾ, ಪಾಪು ಆಗ್ಲೇ ಬಂತು! ನಾನೇ ಫಸ್ಟ್ ಮುಟ್ಟಿದ್ದು! ಮೆತ್ತಗೈತೆ!"

ಅಕ್ಷತಾ ಕರುವನ್ನು ಕಟ್ಟಿದಳು. ಗಂಟನ್ನು ಎರಡು ಸಲ ಎಳೆದು ನೋಡಿದಳು.

"ಎಲ್ಲಿ ಹಾಳಾಗೋಗಿದ್ಯೇ? ನಿಮ್ಮಮ್ಮ ಅಕ್ಷತಾ ಅಕ್ಷತಾ ಅಂತ ಕೂಗಿದ್ದೇ ಕೂಗಿದ್ದು," ಎಂದು ಒಳಗೆ ಬಂದವಳನ್ನು ಗದರಿಸಿ ಅಜ್ಜಿ ಬಟ್ಟೆ ಹಿಡಿದು ಕೋಣೆಯೊಳಗೆ ಹೋದರು. ಅಮ್ಮ, ಪಾಪು, ಎಲ್ಲರೂ ಅಲ್ಲೇ ಇದ್ದರು. ಅಪ್ಪ ನಗುತ್ತಿದ್ದ.

ನಡುಮನೆಯಲ್ಲಿ ತೊಟ್ಟಿ ಒಂದೇ ಇತ್ತು. ನೀರು ತಿಳಿಗೆಂಪಾಗಿತ್ತು. ಅವಳು ಮೊಣಕೈ ಅದ್ದಿ ನೋಡಿದಳು. ಆರುತ್ತಿತ್ತು. ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದು, ಅಮ್ಮನ ಬೆನ್ನಿದ್ದ ಜಾಗಕ್ಕೆ ನಿಧಾನವಾಗಿ ಹುಯ್ದಳು.