ಅರವತ್ತಾಗ್ಲಿ ತಡಿ

ನನ್ನ ಗಂಡ ಅಮಸಿದ್ದಪ್ಪ ಯಾವುದಕ್ಕೂ ಇಲ್ಲ ಎಂದವರಲ್ಲ. ಇಲ್ಲ ಎಂದಿದ್ದರೆ ಜಗಳವಾಡಿಯಾದರೂ ಗೆಲ್ಲಬಹುದಿತ್ತು. ಅವರು ಎಲ್ಲದಕ್ಕೂ "ಅರವತ್ತಾಗ್ಲಿ ತಡಿ" ಎನ್ನುತ್ತಿದ್ದರು. ಹಲ್ಲು ತೋರಿಸಿಕೊಂಡು ಬನ್ನಿ ಎಂದರೆ ಅರವತ್ತಾಗಲಿ. ಒಂದು ದಿನವಾದರೂ ಮಧ್ಯಾಹ್ನ ಮನೆಯಲ್ಲಿ ಬಿಸಿ ರೊಟ್ಟಿ ಉಣ್ಣಿರಿ ಎಂದರೆ ಅರವತ್ತಾಗಲಿ. ಮದುವೆಯಲ್ಲಿ ಭೂಮದ ಊಟಕ್ಕೆ ಕೂತು ಒಂದೇ ತಾಟಿನಲ್ಲಿ ಉಂಡವರು ನಾವು. ಆಮೇಲೆ ಅವರ ಬುತ್ತಿ ಟ್ರ್ಯಾಕ್ಟರಿನ ಮೇಲೆ, ನನ್ನದು ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ, ನೂಲಿನ ಕಂಡಿಕೆ ಸುತ್ತುವ ಯಂತ್ರದ ಪಕ್ಕ. ಅರವತ್ತಾದ ಮೇಲೆ ದಿನಾ ಇಬ್ಬರೂ ಕೂಡಿ ಉಣ್ಣೋಣ ಎಂದು ಮಾತು ಕೊಟ್ಟಿದ್ದರು.

ಈ ಅರವತ್ತು ನಮ್ಮ ಮನೆಗೆ ಹೊಕ್ಕಿದ್ದು ಬ್ಯಾಂಕಿನಿಂದ. ಹತ್ತು ವರ್ಷದ ಹಿಂದೆ ಪಿಂಚಣಿ ಯೋಜನೆಗೆ ಹೆಸರು ಹಚ್ಚಿದರು. ನಲವತ್ತು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ, ಇನ್ನೇನು ತುಂಬುತ್ತದೆ ಎನ್ನುವಾಗ ಓಡಿದ್ದರು. ಅವರ ಹುಟ್ಟಿದ ದಿನ ಜೂನ್ ಒಂದು. ನಮ್ಮ ಚಿಮ್ಮಡದಲ್ಲಿ ಅರ್ಧ ಊರು ಹುಟ್ಟಿದ್ದೇ ಜೂನ್ ಒಂದಕ್ಕೆ. ಶಾಲೆಗೆ ಹಚ್ಚುವಾಗ ಮಾಸ್ತರರು ಬರೆದದ್ದೇ ಹುಟ್ಟು. ತಿಂಗಳಾ ತಿಂಗಳಾ ಕಂತು ಹೋಗುತ್ತಿತ್ತು. ಅರವತ್ತರಿಂದ ಅವರಿಗೆ ಪಿಂಚಣಿ, ಅವರ ನಂತರ ನನಗೆ. "ಅವರ ನಂತರ" ಎಂಬುದನ್ನು ನಾನು ಆಗ ಕಿವಿಗೆ ಹಾಕಿಕೊಂಡಿರಲಿಲ್ಲ.

ಈ ಜನವರಿಯಲ್ಲಿ ಸಮೀರವಾಡಿಯ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸರಿಯಿತು, ಇವರದು ಸರಿಯಲಿಲ್ಲ. ಹಿಂದಿನವನು ಹಾರ್ನ್ ಹೊಡೆದನಂತೆ, ಬೈದನಂತೆ, ಆಮೇಲೆ ಇಳಿದು ಬಂದು ನೋಡಿದನಂತೆ. ಸ್ಟಿಯರಿಂಗ್ ಮೇಲೆ ತಲೆ ಇಟ್ಟಿದ್ದರು. ಉಸಿರು ನಿಂತಿತ್ತು. ಬುತ್ತಿ ಬಿಚ್ಚಿರಲಿಲ್ಲ.

ನಾನು ಅಳಲಿಲ್ಲ. ಬೇಕೆಂದು ತಡೆದದ್ದಲ್ಲ, ಬರಲಿಲ್ಲ, ಅಷ್ಟೇ. ಬಂದ ಹೆಂಗಸರು ಕೊರಳಿಗೆ ಬಿದ್ದು ಅತ್ತರು. ನನಗೆ ಅವರ ಭಾರ ಮಾತ್ರ ಗೊತ್ತಾಯಿತು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಗಲ್ಲದ ಹಾಗೆ ಮೈಯೆಲ್ಲ ಜೋಮು. ಕಲ್ಲಿನಂಥವಳು ಎಂದು ಓಣಿಯಲ್ಲಿ ಆಡಿಕೊಂಡರು. ಆಡಿಕೊಳ್ಳಲಿ, ಅವರಿಗೂ ಹೊತ್ತು ಹೋಗಬೇಕಲ್ಲ. ದಿನಕರ್ಮ ಮುಗಿದದ್ದೇ ಕಂಡಿಕೆ ಸುತ್ತಲು ಹೋದೆ. ಕಾಲೇಜಿಗೆ ಹೋಗುವ ಮಗಳು ಉಮಾಶ್ರೀ ಮಾತ್ರ ಸಂಜೆಯಾದರೆ ನನ್ನ ಮುಖ ನೋಡುತ್ತ ಕೂರುತ್ತಿದ್ದಳು.

ಮೈದುನ ಹಾಲಸಿದ್ದಪ್ಪ ಒಳ್ಳೆಯವನೇ. ಪಿಂಚಣಿ ಖಾತೆ ಮುಚ್ಚಿಸಿ ಇದ್ದಷ್ಟು ತಗೊಂಡುಬಿಡೋಣ, ಐದಾರು ಕುರಿ ಬರುತ್ತವೆ, ನನ್ನ ಹಿಂಡಿನ ಜೊತೆ ಮೇಯಿಸುತ್ತೇನೆ ಎಂದ. ತಪ್ಪು ಮಾತೇನಲ್ಲ. ಕುರಿ ಮರಿ ಹಾಕುತ್ತದೆ, ಪಿಂಚಣಿ ಹಾಕುವುದಿಲ್ಲ. ಮೇ ಕೊನೆಗೆ ಇಬ್ಬರೂ ಬನಹಟ್ಟಿಯ ಬ್ಯಾಂಕಿಗೆ ಹೋದೆವು.

ಬ್ಯಾಂಕಿನಲ್ಲಿ ರಾಜೇಶ್ವರಿ ಎಂಬ ಹುಡುಗಿ ಮರಣ ಪ್ರಮಾಣಪತ್ರ ನೋಡಿ, ಎರಡು ದಾರಿ ಇವೆ ಎಂದಳು. ಈಗಲೇ ಮುಚ್ಚಿ, ಕೂಡಿದ ಹಣ ಒಯ್ಯಬಹುದು. ಇಲ್ಲವೇ ಹೆಂಡತಿಯೇ ಕಂತು ಕಟ್ಟುತ್ತ ಹೋದರೆ, ಗಂಡನಿಗೆ ಅರವತ್ತು ತುಂಬಿದ ಮೇಲೆ ಅವಳಿಗೆ ಜೀವ ಇರುವ ತನಕ ಪಿಂಚಣಿ.

ನನಗೆ ಒಮ್ಮೆಗೇ ತಿಳಿಯಲಿಲ್ಲ. ಹೋದವರಿಗೆ ಅರವತ್ತು ಹೇಗೆ ತುಂಬುತ್ತದೆ?

"ಅವರ ವಯಸ್ಸು ನಿಂತಿಲ್ಲೇನ್ರಿ ಮೇಡಂ?" ಎಂದು ಕೇಳಿದೆ.

"ಇಲ್ರಿ ಯಲ್ಲಕ್ಕಾ, ನಮ್ಮ ಲೆಕ್ಕದಾಗ ನಡದ ಇರತೈತಿ. ಈ ಜೂನ್ ಒಂದಕ್ಕ ಐವತ್ತು. ಇನ್ನ ಹತ್ತು ವರ್ಷ."

ಹಾಲಸಿದ್ದಪ್ಪ ನನ್ನ ಕಡೆ ಬಾಗಿ, "ವೈನಿ, ಸತ್ತಾಂವನ ವಯಸ್ಸಿಗೆ ಯಾರರೆ ರೊಕ್ಕ ಕಟ್ಟತಾರೇನ್ರಿ?" ಎಂದ. ಕೆಟ್ಟ ಮನಸ್ಸಿನಿಂದಲ್ಲ, ಹೋದದ್ದು ಅವನ ಅಣ್ಣನೂ ಹೌದು. ಆದರೂ ಇಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ಸಿಟ್ಟು ಬಂತು, ಅದೂ ಒಂದು ಗಳಿಗೆ. ಊರಲ್ಲಿ ಸತ್ತವರೆಲ್ಲ ಸತ್ತ ವಯಸ್ಸಿಗೇ ನಿಂತಿದ್ದಾರೆ. ನನ್ನವರೊಬ್ಬರು ನಡೆಯುತ್ತಿದ್ದರೆ ನಾನೇ ಹೋಗಿ ಏಕೆ ನಿಲ್ಲಿಸಲಿ? ಕಂತು ನನ್ನ ಪಗಾರದಿಂದ ಹೋಗಲಿ ಎಂದು ಸಹಿ ಮಾಡಿದೆ.

ಜೂನ್ ಒಂದಕ್ಕೆ ಅರ್ಧ ದಿನ ಸೂಟಿ ಹಾಕಿ ಮಧ್ಯಾಹ್ನ ಮನೆಗೆ ಬಂದೆ. ರೊಟ್ಟಿ ಬಡಿದು, ಪುಂಡಿಪಲ್ಲೆ ಮಾಡಿ, ತಾಟು ಹಾಕಿಕೊಂಡು ಕೂತೆ. ನಿಮ್ಮಪ್ಪನಿಗೆ ಐವತ್ತಾಯಿತು ಎಂದು ಉಮಾಶ್ರೀಗೆ ಹೇಳಿದೆ. ನಳದ ನೀರು ಬಂತು ಎಂದು ಹೇಳುವ ದನಿಯಲ್ಲೇ ಹೇಳಿದ್ದೆ. ಅವಳು ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಪಕ್ಕಕ್ಕೆ ಬಂದು ನನ್ನ ಮೊಣಕೈ ಹಿಡಿದಳು.

"ಯವ್ವಾ, ನೀ ಒಮ್ಮಿನೂ ಅತ್ತಿಲ್ಲ. ಒಂದ್ಸಲರೆ ಅತ್ತಬಿಡ ಬೇ."

ನಾನು ರೊಟ್ಟಿ ಮುರಿದೆ. ತುತ್ತು ನುಂಗಿದ ಮೇಲೆ ಹೇಳಿದೆ.

"ಅರವತ್ತಾಗ್ಲಿ ತಡಿ."