ಬಂಡೆಯ ಎಡಗಡೆ

ಕತ್ತಿ ಎಡಗಿವಿಯ ಪಕ್ಕದಿಂದ ಕಣ್ಣಿನ ಹತ್ತಿರದವರೆಗೆ ಬಂದರೂ ಬಂಡೆ ರೆಪ್ಪೆ ಬಡಿಯಲಿಲ್ಲ. ಕ್ಷೌರಿಕ ಕೈ ತಡೆದು ನಿಂತ. ಇಪ್ಪತ್ತಾರು ವರ್ಷದಿಂದ ಜನರ ಕೆನ್ನೆ ಸವರಿದವನು ಅವನು. ಎಂಥ ಗಟ್ಟಿಗನೇ ಕುರ್ಚಿಯಲ್ಲಿ ಕೂತಿರಲಿ, ಕಣ್ಣಿನ ಪಕ್ಕಕ್ಕೆ ಕತ್ತಿ ಬಂದರೆ ರೆಪ್ಪೆ ಒಮ್ಮೆ ಮುಚ್ಚಿ ತೆರೆಯುತ್ತದೆ, ಬೇಡವೆಂದರೂ ಕೇಳುವುದಿಲ್ಲ. ಬಾಕ್ಸಿಂಗಿನಲ್ಲಿ ಬಂಡೆ ಎಂದೇ ಹೆಸರಾದ ಹೆಂಡತಿಯ ಈ ತಮ್ಮನೂ ಈಗಷ್ಟೇ ಬಲಗಡೆ ಮುಗಿಸುವಾಗ ಹಾಗೇ ರೆಪ್ಪೆ ಬಡಿದಿದ್ದ.

"ಏನು ಭಾವ, ನಿದ್ದೆ ಬಂತಾ?" ಅಂದ ಬಂಡೆ. ಕುರ್ಚಿ ಹಿಂದಕ್ಕೆ ಒರಗಿತ್ತು, ಅವನು ತಿರುಗುವ ಫ್ಯಾನನ್ನೇ ನೋಡುತ್ತಿದ್ದ.

"ನಿದ್ದೆ ಎಲ್ಲಿಂದ ಬರ್ಬೇಕು? ಒಗೆದು ಮಡಚಿಟ್ಟ ಬಟ್ಟೇನೇ ಮತ್ತೆ ನೆನೆಸಿ ಕೂತಿದ್ದಾಳೆ ನಿನ್ನಕ್ಕ."

ಅದು ಸುಳ್ಳಲ್ಲ. ತಮ್ಮನ ಪಂದ್ಯದ ದಿನ ಅವಳಿಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಮೊದಮೊದಲು ಹಾಗಿರಲಿಲ್ಲ ಅನ್ನಿ. ಹದಿನೇಳು ಪಂದ್ಯ ಒಂದರ ಹಿಂದೊಂದು ಗೆದ್ದ ಬಾಕ್ಸರನ ಅಕ್ಕ ಎಂದು ಬೀಗುತ್ತಾ ಓಡಾಡಿದವಳೇ. ಹದಿನೆಂಟನೆಯದರಲ್ಲಿ ಎಡಗಣ್ಣಿಗೆ ಗುದ್ದು ಬಿದ್ದು ಅವನು ಮೊದಲ ಸಲ ಸೋತ. ಆಮೇಲಿನ ಐದರಲ್ಲಿ ನಾಲ್ಕು ಸೋತ. ನಾಲ್ಕೂ ಸಲ ಎದುರಾಳಿಯ ಬಲಗೈಗೇ ಉರುಳಿದ್ದ. ಬಂಡೆ ಹೋಗಿ ಜಲ್ಲಿಯಾಯಿತು ಎಂದು ಜನ ಆಡಿಕೊಂಡರು. ಒಂದು ಸೋಲಿಗೇ ಎದೆ ಒಡೆದುಕೊಂಡ, ಪುಕ್ಕಲ ಅಂದರು. ಕ್ಷೌರಿಕನೂ ಅಂದಿದ್ದ, ಊಟಕ್ಕೆ ಕೂತಾಗ, ಅವನ ಮುಖದೆದುರಿಗೇ. ಬಂಡೆ ನಕ್ಕು ನೀರು ಕುಡಿದಿದ್ದ.

ಈಗ ಕ್ಷೌರಿಕ ಕತ್ತಿ ಕೆಳಗಿಟ್ಟು ಸೋಪಿನ ಬ್ರಷ್ಷು ತೆಗೆದುಕೊಂಡ. ಸದ್ದಿಲ್ಲದೆ ಅದನ್ನು ಬಂಡೆಯ ಎಡಗಿವಿಯ ಹತ್ತಿರ ಹಿಡಿದು ಮೆಲ್ಲಗೆ ಮುಂದಕ್ಕೆ ತಂದ. ಕೆನ್ನೆಯ ಮೂಳೆ ದಾಟಿತು, ಕಣ್ಣಿನ ತುದಿ ದಾಟಿತು. ಬ್ರಷ್ಷು ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬಂದ ಮೇಲೆ ಬಂಡೆ ಬೆಚ್ಚಿಬಿದ್ದ.

ಕ್ಷೌರಿಕ ಬ್ರಷ್ಷನ್ನು ಕೆಳಗಿಟ್ಟ.

"ಗೊತ್ತಾಯ್ತಾ?" ಅಂದ ಬಂಡೆ.

"ಯಾವಾಗಿಂದ?"

"ಮೊದಲ್ನೇ ಸಲ ಸೋತೆನಲ್ಲ, ಅವತ್ತಿಂದ. ಎದುರಿಗಿರೋದು ಚೆನ್ನಾಗೇ ಕಾಣ್ಸುತ್ತೆ ಭಾವ. ಪಕ್ಕದ್ದು ಮಾತ್ರ ಇಲ್ಲ. ಪರದೆ ಎಳೆದಂಗೆ."

"ಪುಕ್ಕಲ ಅನ್ನಿಸ್ಕೊಂಡು ಸುಮ್ನಿದ್ಯಲ್ಲೋ."

"ಪುಕ್ಕಲ ಅಂದ್ರೆ ಇನ್ನೊಂದು ಸಲ ಕರೀತಾರೆ. ಕುರುಡ ಅಂದ್ರೆ ಯಾರು ಕರೀತಾರೆ?"

ಸಂಜೆ ಇವನೆದುರು ನಿಲ್ಲುವ ಹುಡುಗನಿಗೆ ಇಪ್ಪತ್ತೆರಡು ವರ್ಷ. ಕಳೆದ ಪಂದ್ಯದಲ್ಲಿ ಅವನ ಬಲಗೈ ಗುದ್ದು ತಿಂದವನು ಆಸ್ಪತ್ರೆಯಲ್ಲಿ ಇನ್ನೂ ಹೆಂಡತಿಯ ಗುರುತು ಹಿಡಿಯುತ್ತಿಲ್ಲವಂತೆ. ಕ್ಷೌರಿಕನಿಗೆ ಭಯವಾಯಿತು.

"ಇವತ್ತು ಬೇಡ ಕಣೋ. ನಾನೇ ಬಂದು ಪಂದ್ಯದ ಡಾಕ್ಟರಿಗೆ ಹೇಳ್ತೀನಿ."

"ಹೇಳಿ. ನಾನು ಇಲ್ಲ ಅಂತೀನಿ. ಎದುರಿಗೆ ಅಕ್ಷರ ಇಡ್ತಾರೆ, ಗಡಗಡ ಓದ್ತೀನಿ. ಐದು ಸಲ ಓದಿದೀನಲ್ಲ." ಬಂಡೆ ಮತ್ತೆ ತಲೆ ಒರಗಿಸಿದ. "ಮೂವತ್ತೊಂದು ವರ್ಷಕ್ಕೆ ನಾನು ಬೇರೆ ಏನು ಮಾಡ್ಲಿ, ನೀವೇ ಹೇಳಿ. ಬೇಗ ಮುಗಿಸಿ ಭಾವ, ಹನ್ನೊಂದಕ್ಕೆ ಡಾಕ್ಟರ ತಪಾಸಣೆ ಇದೆ."

ಕ್ಷೌರಿಕ ಮತ್ತೆ ನೊರೆ ಹಚ್ಚಿದ. ಅಂಗಡಿಯ ಹೊರಗೆ ಬೆಂಚಿನ ಮೇಲೆ ಒಬ್ಬ ಗಿರಾಕಿ ಪೇಪರು ಬಿಡಿಸಿ ಕೂತಿದ್ದ. ಹೇಳಿದರೆ ನಂಬುವವರಿಲ್ಲ, ಹಿಡಿದು ಕಟ್ಟಿಹಾಕೋಣವೆಂದರೆ ಇವನು ಬಂಡೆ. ಎಡಗೆನ್ನೆ ಮುಗಿಯಿತು. ಗದ್ದ ಮುಗಿಯಿತು. ಇನ್ನು ಟವೆಲಿನಿಂದ ಒರೆಸಿದರೆ ಎದ್ದು ಹೋಗುತ್ತಾನೆ. ಆಗ ಹೊಳೆಯಿತು: ಮುಖದ ಮೇಲೆ ಹಸಿ ಗಾಯವಿದ್ದವನಿಗೆ ಡಾಕ್ಟರು ಗ್ಲೌಸು ತೊಡಲು ಬಿಡುವುದಿಲ್ಲ. ಹೋದ ವರ್ಷ ಇನ್ನೊಬ್ಬ ಬಾಕ್ಸರನನ್ನು ಹುಬ್ಬಿನ ಮೇಲಿನ ಗಾಯಕ್ಕೇ ವಾಪಸು ಕಳಿಸಿದ್ದರು.

ಗಿರಾಕಿಯ ಮೈಯಿಂದ ಬೇಕೆಂದೇ ರಕ್ತ ತೆಗೆದವನಲ್ಲ ಕ್ಷೌರಿಕ. ಕೆನ್ನೆಯ ಗೀರಿಗೆ ರಕ್ತ ನಿಲ್ಲಿಸುವ ಪಟಿಕ ಉಜ್ಜಿ ಒಳಗೆ ಬಿಟ್ಟಾರು; ಹುಬ್ಬೇ ಆಗಬೇಕು. ಹುಬ್ಬಿನ ಕೆಳಗೆ ಅರ್ಧ ಬೆರಳಿನಷ್ಟು ದೂರದಲ್ಲೇ ಕಣ್ಣು. ಕೈ ಜಾರಿದರೆ ಉಳಿದಿರುವಷ್ಟೂ ಹೋಯಿತು. ನೀನೇ ನನ್ನ ತಮ್ಮನ ಕಣ್ಣು ತೆಗೆದೆಯಾ ಅಂತ ಹೆಂಡತಿ ಕೇಳಿದರೆ?

"ಹುಬ್ಬಿನ ಕೂದಲು ಒಂಚೂರು ಸರಿ ಮಾಡ್ತೀನಿ," ಅಂದ. ತನ್ನ ದನಿ ತನಗೇ ಬೇರೆಯವರದ್ದು ಅನ್ನಿಸಿತು.

"ಹ್ಞೂಂ."

ಎಡಗೈಯ ಹೆಬ್ಬೆರಳಿನಿಂದ ಎಡಹುಬ್ಬನ್ನು ಮೇಲಕ್ಕೆ ಎಳೆದು ಹಿಡಿದ. ಕತ್ತಿಯನ್ನು ಕಿವಿಯ ಕಡೆಯಿಂದ ತಂದ. ಆ ಕಡೆಯಿಂದ ಬರುವುದು ಇವನಿಗೆ ಕಾಣುವುದಿಲ್ಲ, ಕಾಣದವನು ತಲೆ ಅಲುಗಿಸುವುದಿಲ್ಲ. ಕ್ಷೌರಿಕನಿಗಿದ್ದದ್ದು ಅದೊಂದೇ ಧೈರ್ಯ. ಉಸಿರು ಬಿಗಿಹಿಡಿದು ಎಳೆದುಬಿಟ್ಟ.

ಮೊದಲು ಬಿಳಿಯ ಗೆರೆ ಕಂಡಿತು. ಆಮೇಲೆ ರಕ್ತ ಬಂತು, ಅವನು ಅಂದುಕೊಂಡಿದ್ದಕ್ಕಿಂತ ಹೆಚ್ಚಾಗಿಯೇ. ಹತ್ತಿ ತೆಗೆದು ಒತ್ತಿ ಹಿಡಿದ.

ಬಂಡೆ ಕೂಗಾಡಲಿಲ್ಲ. ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ. ನಿಧಾನಕ್ಕೆ ಎದ್ದು ಕೂತು, ಹತ್ತಿ ಸರಿಸಿ ಕನ್ನಡಿಯಲ್ಲಿ ಗಾಯ ನೋಡಿಕೊಂಡ. ಆಮೇಲೆ ಭಾವನ ಮುಖವನ್ನು ನೋಡಿದ.

"ಇದು ಮೂರು ವಾರದಲ್ಲಿ ಮಾಯುತ್ತೆ ಭಾವ."

"ಗೊತ್ತು," ಅಂದ ಕ್ಷೌರಿಕ. "ಮಾಯ್ದ ಮೇಲೆ ಮತ್ತೆ ಬಾ."

ಹೊರಗಿನ ಗಿರಾಕಿ ಪೇಪರು ಮಡಚಿ, ಒಳಗೆ ಇಣುಕಿ, ಇನ್ನೂ ಎಷ್ಟು ಹೊತ್ತು ಎಂದು ಕೇಳಿದ. ಕ್ಷೌರಿಕ ಕತ್ತಿಯನ್ನು ಒರೆಸಿ ಮಡಚಿದ. ಬಂಡೆ ಹತ್ತಿಯನ್ನು ತಾನೇ ಹುಬ್ಬಿಗೆ ಒತ್ತಿಕೊಂಡು ಕುರ್ಚಿಗೆ ಮತ್ತೆ ಒರಗಿದ್ದ. ಗೋಡೆಯ ಗಡಿಯಾರದಲ್ಲಿ ಹತ್ತೂವರೆ ದಾಟಿತು. ಅವನು ಕಣ್ಣು ಮುಚ್ಚಿಕೊಂಡ. ತಪಾಸಣೆಗೆ ಏಳುವ ಅವಸರವೇನೂ ಇದ್ದಂತೆ ಕಾಣಲಿಲ್ಲ.